ಆಸ್ಪ್ಯಾರಗಸ್: ನೆಟ್ಟು ಕಾಯುವ ಬಗೆ, ಕೊಯ್ದು ಬೇಯಿಸುವ ಬಗೆ

ಮಿಶಿಗನ್ ರಾಜ್ಯದಲ್ಲಿ ಏಪ್ರಿಲ್ ತಿಂಗಳ ಕೊನೆಯ ವಾರವೆಂದರೆ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಹೆಪ್ಪುಗಟ್ಟಿರುವ ಕಾಲ. ಟೊಮೆಟೊ, ಬದನೆ, ಹುರುಳಿಕಾಯಿಗಳನ್ನು ಹೊರಗೆ ನೆಡಬೇಕಾದರೆ ಮೇ ತಿಂಗಳ ನಡುಭಾಗ ದಾಟಬೇಕು. ಅಂಥ ದಿನಗಳಲ್ಲಿ, ಚಳಿಗಾಲವಿಡೀ ಬರಿದಾಗಿ ಬಿದ್ದಿದ್ದ ಮಡಿಯೊಂದರಲ್ಲಿ ಮಣ್ಣು ಅಲ್ಲಲ್ಲಿ ಬಿರುಕು ಬಿಟ್ಟು, ಆ ಬಿರುಕುಗಳೊಳಗಿನಿಂದ ನೇರಳೆ ಛಾಯೆಯ ಹಸಿರು ತುದಿಗಳು ಎಲೆಯಿಲ್ಲದೆ, ಕೊಂಬೆಯಿಲ್ಲದೆ ನೆಟ್ಟಗೆ ಮೇಲೇಳುತ್ತವೆ. ಅದು ಆಸ್ಪ್ಯಾರಗಸ್. ಅಂಗಡಿಯಲ್ಲಿ ವರ್ಷವಿಡೀ ಸಿಗುವುದನ್ನು ಹಿತ್ತಿಲಿನಲ್ಲಿ ಬೆಳೆಯುವ ಶ್ರಮವೇಕೆ ಎಂದು ಕೇಳುವವರಿದ್ದಾರೆ. ಕೊಯ್ದ ಗಳಿಗೆಯಿಂದಲೇ ಈ ದಂಟಿನೊಳಗಿನ ಸಕ್ಕರೆ ಕಡಿಮೆಯಾಗುತ್ತಾ, ಬುಡದ ಕಡೆಯಿಂದ ನಾರು ಬಲಿಯುತ್ತಾ ಹೋಗುತ್ತದೆ. ಪೆರುವಿನಿಂದಲೋ ಮೆಕ್ಸಿಕೊದಿಂದಲೋ ದಿನಗಟ್ಟಲೆ ಪ್ರಯಾಣ ಮಾಡಿ ಬಂದ ಕಟ್ಟಿಗೂ, ಹತ್ತು ನಿಮಿಷದ ಹಿಂದೆ ಮಡಿಯಿಂದ ಮುರಿದು ತಂದ ದಂಟಿಗೂ ಇರುವ ಅಂತರವು ಸೊಗಡಿನ ಅವರೆಕಾಯಿಗೂ ಫ್ರೀಜರಿನ ಕಾಳಿಗೂ ಇರುವಷ್ಟೇ ದೊಡ್ಡದು.

ಕರ್ನಾಟಕದವರಿಗೆ ಈ ಗಿಡದ ಕುಲ ಹೊಸದಲ್ಲ. ಮಲೆನಾಡಿನ ಬೇಲಿಗಳಲ್ಲಿ, ಕುರುಚಲು ಕಾಡುಗಳಲ್ಲಿ ಮುಳ್ಳಿನ ಬಳ್ಳಿಯಾಗಿ ಹಬ್ಬುವ ಶತಾವರಿಯು ಇದರ ದಾಯಾದಿ. ಸಸ್ಯಶಾಸ್ತ್ರದಲ್ಲಿ ಶತಾವರಿಯ ಹೆಸರು ಆಸ್ಪ್ಯಾರಗಸ್ ರೆಸಿಮೋಸಸ್, ತರಕಾರಿಯದು ಆಸ್ಪ್ಯಾರಗಸ್ ಅಫಿಷಿನಾಲಿಸ್. ಹೂಗುಚ್ಛಗಳಲ್ಲಿ ಹೂವಿನ ಹಿಂದೆ ಇಡುವ ನವಿರಾದ ಗರಿಸೊಪ್ಪು ಕೂಡ ಇದೇ ಕುಲದ್ದು. ಶತಾವರಿಯನ್ನು ನಮ್ಮಲ್ಲಿ ಹಲವು ಮಕ್ಕಳ ತಾಯಿ ಬೇರು ಎಂದೂ ಕರೆಯುತ್ತಾರೆ. ಒಂದೇ ಬುಡದಿಂದ ಹತ್ತಾರು ಗೆಡ್ಡೆಬೇರುಗಳು ಗೊಂಚಲಾಗಿ ಇಳಿಯುವುದನ್ನು ಅಗೆದು ಕಂಡವರಿಗೆ ಈ ಹೆಸರಿನ ಔಚಿತ್ಯ ತಾನಾಗಿ ತಿಳಿಯುತ್ತದೆ. ತರಕಾರಿ ಆಸ್ಪ್ಯಾರಗಸ್ಸಿನ ಬೇರುಗಳು ಅಷ್ಟು ದಪ್ಪವಿಲ್ಲದಿದ್ದರೂ ರಚನೆ ಅದೇ ಬಗೆಯದು: ನಡುವೆ ಮೊಗ್ಗುಗಳಿರುವ ಒಂದು ಬುಡ, ಅದರ ಸುತ್ತ ಜೇಡನ ಕಾಲುಗಳಂತೆ ಹರಡಿದ ತಿರುಳುಬೇರುಗಳು.

ಈ ಗಿಡವನ್ನು ಬೆಳೆಯಲು ತಿಳಿದಿರಬೇಕಾದ ಎಲ್ಲವೂ ಆ ಬೇರುಗಳಲ್ಲಿದೆ. ವಸಂತದಲ್ಲಿ ನಾವು ಕೊಯ್ಯುವ ದಂಟಿಗೆ ಎಲೆಯಿಲ್ಲ. ಅದು ತನ್ನ ಆಹಾರವನ್ನು ತಾನು ತಯಾರಿಸಿಕೊಳ್ಳದೆ, ಹಿಂದಿನ ಬೇಸಗೆಯಲ್ಲಿ ಬೇರಿನೊಳಗೆ ಕೂಡಿಟ್ಟ ಸಕ್ಕರೆಯ ಬಲದಿಂದಲೇ ಮೇಲೆ ಬರುತ್ತದೆ. ಕೊಯ್ಯದೆ ಬಿಟ್ಟ ದಂಟು ಕವಲೊಡೆದು, ಆಳೆತ್ತರದ ಹಸಿರು ಗರಿಯಾಗಿ, ಅಕ್ಟೋಬರ್‌ವರೆಗೂ ಬಿಸಿಲುಂಡು, ಖಾಲಿಯಾದ ಬೇರಿನ ಕಣಜವನ್ನು ಮತ್ತೆ ತುಂಬಿಸುತ್ತದೆ. ಹಾಗಾಗಿ ಈ ವರ್ಷ ಎಷ್ಟು ದಂಟುಗಳನ್ನು ಬಿಟ್ಟೆವೋ ಅದರ ಮೇಲೆ ಮುಂದಿನ ವರ್ಷದ ಫಸಲು ನಿಂತಿರುತ್ತದೆ. ಮುಂದೆ ಹೇಳುವ ಎಷ್ಟೋ ಕಟ್ಟುನಿಟ್ಟುಗಳ ಹಿಂದಿರುವ ಕಾರಣ ಇದೊಂದೇ.

ಜಾಗ ಮತ್ತು ಮಣ್ಣು

ಚೆನ್ನಾಗಿ ನೋಡಿಕೊಂಡ ಮಡಿ 15ರಿಂದ 20 ವರ್ಷ ಫಲ ಕೊಡುತ್ತದೆ; ನಡುವೆ ಕಿತ್ತು ಬೇರೆಡೆಗೆ ನೆಡುವಂತಿಲ್ಲ. ಬಾಡಿಗೆ ಮನೆಯಲ್ಲಿರುವವರು ಇದನ್ನು ಯೋಚಿಸಿಯೇ ಕೈಹಾಕಬೇಕು. ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ಬೇಸಗೆಯಲ್ಲಿ ಗರಿಗಳು ನಾಲ್ಕೈದು ಅಡಿ ಎತ್ತರ ಬೆಳೆದು ನೆರಳು ಚೆಲ್ಲುವುದರಿಂದ, ತರಕಾರಿ ತೋಟದ ಉತ್ತರದ ಅಂಚಿನಲ್ಲಿ ಮಡಿ ಮಾಡಿದರೆ ಉಳಿದ ಗಿಡಗಳ ಬಿಸಿಲು ತಪ್ಪುವುದಿಲ್ಲ.

ಬುಡದಲ್ಲಿ ನೀರು ನಿಲ್ಲುವುದನ್ನು ಈ ಗಿಡ ಸಹಿಸದು. ಮಿಶಿಗನ್ ಸರೋವರದ ದಂಡೆಯ ಓಷಿಯಾನಾ ಕೌಂಟಿಯಲ್ಲಿ ಆಸ್ಪ್ಯಾರಗಸ್ ದೊಡ್ಡ ಪ್ರಮಾಣದ ಬೆಳೆಯಾಗಿ ನೆಲೆಯೂರಿ, ಅಲ್ಲಿ ಪ್ರತಿ ಜೂನ್‌ನಲ್ಲಿ ಅದರ ಹೆಸರಿನಲ್ಲೇ ಉತ್ಸವ ನಡೆಯುವಂತಾದುದಕ್ಕೆ ಅಲ್ಲಿನ ನೀರು ಬಸಿಯುವ ಮರಳುಮಣ್ಣು ಒಂದು ಮುಖ್ಯ ಕಾರಣ. ನಮ್ಮ ಹಿತ್ತಿಲಿನದು ಅಂಟುಮಣ್ಣು. ಮೊದಲ ಸಲ ಆ ಮಣ್ಣಿನಲ್ಲೇ ನೆಟ್ಟ 12 ಬುಡಗಳಲ್ಲಿ 7 ಬುಡಗಳು ಎರಡನೆಯ ವಸಂತಕ್ಕೆ ಕೊಳೆತುಹೋದವು. ಅನಂತರ ನೆಲಮಟ್ಟಕ್ಕಿಂತ ಒಂದಡಿ ಎತ್ತರದ ಏರುಮಡಿಯನ್ನು ಹಲಗೆಗಳಿಂದ ಕಟ್ಟಿ, ತೋಟದ ಮಣ್ಣಿಗೆ ಸಮನಾಗಿ ಕಾಂಪೋಸ್ಟ್ ಬೆರೆಸಿ ತುಂಬಿದ ಮೇಲೆ ಗಿಡಗಳು ನಿಂತವು. ಅಂಟುಮಣ್ಣಿರುವವರು ನಮ್ಮಂತೆ ಎರಡು ವರ್ಷ ಕಳೆದುಕೊಳ್ಳದೆ ಮೊದಲೇ ಏರುಮಡಿ ಮಾಡಿಕೊಳ್ಳುವುದು ಒಳಿತು.

ಮಣ್ಣಿನ ಪಿಎಚ್ 6.5ರಿಂದ 7ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಹುಳಿಯಾಗಿದ್ದರೆ ನೆಡುವ ಹಿಂದಿನ ಶರತ್ಕಾಲದಲ್ಲಿಯೇ ಸುಣ್ಣ ಬೆರೆಸಬೇಕು. ನೆಟ್ಟ ಮೇಲೆ ಆಳದ ಮಣ್ಣನ್ನು ತಿದ್ದಲು ಆಗುವುದಿಲ್ಲ. ಗರಿಕೆಯ ಜಾತಿಯ, ನೆಲದೊಳಗೇ ಹರಿದು ಚಿಗುರುವ ಹುಲ್ಲುಗಳಿದ್ದರೆ ಅವನ್ನೂ ಹಿಂದಿನ ವರ್ಷವೇ ಬೇರುಸಹಿತ ತೆಗೆಯಬೇಕು, ಏಕೆಂದರೆ ಆಸ್ಪ್ಯಾರಗಸ್ ಬೇರುಗಳ ನಡುವೆ ಹೆಣೆದುಕೊಂಡ ಹುಲ್ಲನ್ನು ಆಮೇಲೆ ಬಿಡಿಸುವುದು ಅಸಾಧ್ಯ. ಕಳೆ ಸಾಯಲೆಂದು ಮಡಿಗೆ ಉಪ್ಪು ಹಾಕುವ ಹಳೆಯ ರೂಢಿಯೊಂದಿದೆ. ಕಡಲತೀರದಲ್ಲಿ ಕಾಡುಗಿಡವಾಗಿ ಬೆಳೆಯುವ ಆಸ್ಪ್ಯಾರಗಸ್ ಉಪ್ಪನ್ನು ತಾಳಿಕೊಳ್ಳುವುದೇನೋ ನಿಜ, ಆದರೆ ಮಣ್ಣು ತಾಳಿಕೊಳ್ಳುವುದಿಲ್ಲ. ಅದರ ಸಡಿಲತನ ಕೆಟ್ಟು, ಉಪ್ಪು ಅಕ್ಕಪಕ್ಕದ ಮಡಿಗಳಿಗೂ ಹರಿಯುತ್ತದೆ. ಯಾರು ಹೇಳಿದರೂ ಹಾಗೆ ಮಾಡಬೇಡಿ.

ತಳಿಯ ಆಯ್ಕೆ

ಪಪ್ಪಾಯಿಯಂತೆ ಆಸ್ಪ್ಯಾರಗಸ್ಸಿನಲ್ಲಿಯೂ ಗಂಡುಗಿಡ, ಹೆಣ್ಣುಗಿಡ ಬೇರೆ ಬೇರೆ. ಇಲ್ಲಿ ಮಾತ್ರ ಬೆಳೆಗಾರರು ಬಯಸುವುದು ಗಂಡುಗಿಡವನ್ನು. ಹೆಣ್ಣುಗಿಡ ಬೇಸಗೆಯಲ್ಲಿ ಕೆಂಪು ಹಣ್ಣು ಬಿಡಲು ಶಕ್ತಿ ವ್ಯಯಿಸುವುದರಿಂದ ಅದರ ದಂಟುಗಳ ಸಂಖ್ಯೆ ಕಡಿಮೆ, ಮೇಲಾಗಿ ಉದುರಿದ ಬೀಜಗಳು ಮಡಿಯ ತುಂಬ ಮೊಳೆತು ಕಳೆಯಾಗುತ್ತವೆ. ಆ ಹಣ್ಣುಗಳು ತಿನ್ನತಕ್ಕವಲ್ಲ, ತಿಂದರೆ ಹೊಟ್ಟೆ ಕೆಡುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೆಂಪಾಗುವ ಮೊದಲೇ ಕಿತ್ತುಬಿಡುವುದು ಕ್ಷೇಮ.

ನ್ಯೂಜೆರ್ಸಿಯ ರಟ್‌ಗರ್ಸ್ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಜೆರ್ಸಿ ನೈಟ್, ಜೆರ್ಸಿ ಸುಪ್ರೀಮ್ ಮುಂತಾದ ತಳಿಗಳಲ್ಲಿ ಬಹುತೇಕ ಗಂಡುಗಿಡಗಳೇ ಇರುತ್ತವೆ. ಕೆನಡಾದ ಒಂಟಾರಿಯೊದಲ್ಲಿರುವ ಗ್ವೆಲ್ಫ್ ವಿಶ್ವವಿದ್ಯಾಲಯದ ಮಿಲೆನಿಯಂ ತಳಿ ಕಡುಚಳಿಯನ್ನು ತಡೆಯುತ್ತದೆ. ಟೊರೊಂಟೊ, ಮಿಶಿಗನ್, ಮಿನೆಸೋಟಗಳ ಕನ್ನಡಿಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತುಕ್ಕು ರೋಗ ತಡೆಯಲೆಂದು ಅಮೆರಿಕದ ಕೃಷಿ ಇಲಾಖೆ ರೂಪಿಸಿದ ಮೇರಿ ವಾಷಿಂಗ್ಟನ್ ಈಗಲೂ ಎಲ್ಲೆಡೆ ಅಗ್ಗವಾಗಿ ಸಿಗುತ್ತದೆ, ಆದರೆ ಅದರಲ್ಲಿ ಗಂಡು ಹೆಣ್ಣು ಎರಡೂ ಬರುತ್ತವೆ. ಕ್ಯಾಲಿಫೋರ್ನಿಯದಂಥ ಬೆಚ್ಚಗಿನ ಸೀಮೆಗೆ ಅಲ್ಲಿನ ವಿಶ್ವವಿದ್ಯಾಲಯದ ಯುಸಿ 157 ಹೊಂದುತ್ತದೆ. ನೇರಳೆ ಬಣ್ಣದ ಪರ್ಪಲ್ ಪ್ಯಾಶನ್ ದಂಟು ಹಸಿಯಾಗಿ ತಿನ್ನಲು ಬಲು ಸಿಹಿ. ಬೇಯಿಸಿದರೆ ಆ ನೇರಳೆ ಬಣ್ಣ ಮಾಯವಾಗಿ ಹಸಿರಾಗುತ್ತದೆ.

ನೆಡುವ ಕ್ರಮ

ಬೀಜದಿಂದಲೂ ಬೆಳೆಯಬಹುದು, ಆದರೆ ಕಾಯುವ ಕಾಲಕ್ಕೆ ಇನ್ನೊಂದು ವರ್ಷ ಸೇರುತ್ತದೆ. ನರ್ಸರಿಗಳು ಕ್ರೌನ್ ಎಂಬ ಹೆಸರಿನಲ್ಲಿ ಮಾರುವ, ಒಂದು ವರ್ಷ ತುಂಬಿದ ಬೇರುಬುಡಗಳನ್ನು ಕೊಳ್ಳುವುದೇ ಸರಿಯಾದ ದಾರಿ. ಎರಡು ಮೂರು ವರ್ಷದ ಬುಡಗಳನ್ನು ಹೆಚ್ಚು ಬೆಲೆಗೆ ಮಾರುತ್ತಾರೆ. ಕೀಳುವಾಗ ಅವುಗಳ ಬೇರು ಹೆಚ್ಚು ಕಡಿದುಹೋಗಿರುವುದರಿಂದ ಅವು ಚೇತರಿಸಿಕೊಳ್ಳುವಷ್ಟರಲ್ಲಿ ಎಳೆಯ ಬುಡವೂ ಅವುಗಳ ಸಮಕ್ಕೆ ಬಂದಿರುತ್ತದೆ. ಮನೆಯಲ್ಲಿ ತಿನ್ನುವವರು ಒಬ್ಬರಿಗೆ ಐದರಿಂದ ಹತ್ತು ಬುಡಗಳಂತೆ ಲೆಕ್ಕ ಹಾಕಬಹುದು. ಬೇರುಗಳು ಗಟ್ಟಿಯಾಗಿ, ತುಂಬಿಕೊಂಡಿರಬೇಕು. ಮುಟ್ಟಿದರೆ ಮೆತ್ತಗೆ ಕುಸಿಯುವುದನ್ನು ಬಿಡಿ.

ಮಣ್ಣಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ನೆಡಬೇಕು. ಮಿಶಿಗನ್ನಿನಲ್ಲಿ ಅದು ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ. ಕಾಲುವೆಯಂತೆ ಉದ್ದಕ್ಕೆ ಒಂದು ಗುಣಿ ತೋಡಿ: ಅಗಲ ಒಂದಡಿ, ಆಳ ಮರಳುಮಣ್ಣಿನಲ್ಲಿ 8 ಅಂಗುಲ, ಬಿಗಿಯಾದ ಮಣ್ಣಿನಲ್ಲಿ 6 ಅಂಗುಲ. ಗುಣಿಯ ತಳಕ್ಕೆ ಕಾಂಪೋಸ್ಟ್ ಮತ್ತು ರಂಜಕದ ಗೊಬ್ಬರ ಹಾಕಿ ಬೆರೆಸಿ. ರಂಜಕವು ಮಣ್ಣಿನಲ್ಲಿ ಕೆಳಗಿಳಿಯುವುದು ತೀರಾ ನಿಧಾನ, ಆದ್ದರಿಂದ ಬೇರಿನ ಕೆಳಗೆ ಅದನ್ನು ಇಡುವ ಅವಕಾಶ ಇದೊಂದೇ ಸಲ ಸಿಗುತ್ತದೆ. ಗುಣಿಯ ನಡುವೆ ಉದ್ದಕ್ಕೂ ಮಣ್ಣಿನ ಸಣ್ಣ ಬದು ಕಟ್ಟಿ, ಅದರ ನೆತ್ತಿಯ ಮೇಲೆ ಬುಡವನ್ನು ಮೊಗ್ಗು ಮೇಲಾಗಿ ಕೂರಿಸಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಡಬೇಕು. ಬುಡದಿಂದ ಬುಡಕ್ಕೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ ನಾಲ್ಕೈದು ಅಡಿ ಅಂತರವಿರಲಿ. ಇಷ್ಟು ಬಯಲು ಬಿಡುವುದು ದಂಡವೆನಿಸಿದರೂ ಬಿಡಬೇಕು. ಐದನೆಯ ವರ್ಷಕ್ಕೆ ಆ ಜಾಗವೆಲ್ಲ ಬೇರಿನಿಂದ ತುಂಬಿರುತ್ತದೆ, ಗರಿಗಳ ನಡುವೆ ಗಾಳಿಯೂ ಆಡುವುದರಿಂದ ತುಕ್ಕು ರೋಗ ಅಂಟುವುದು ಕಡಿಮೆ.

ಮೊದಲು ಎರಡು ಅಂಗುಲ ಮಣ್ಣು ಮುಚ್ಚಿ ನೀರುಣಿಸಿ. ಎಳೆಯ ಚಿಗುರು ಮೇಲೆ ಬಂದಂತೆಲ್ಲ, ತುದಿ ಮುಳುಗದಂತೆ, ವಾರ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಮಣ್ಣೆಳೆಯುತ್ತಾ ಬೇಸಗೆಯ ನಡುವಿನ ಹೊತ್ತಿಗೆ ಗುಣಿಯನ್ನು ನೆಲಮಟ್ಟಕ್ಕೆ ತನ್ನಿ. ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಬಾರದು. ಮೊದಲ ಎರಡು ವರ್ಷ ವಾರಕ್ಕೆ ಒಂದಂಗುಲ ಮಳೆಯಷ್ಟು ನೀರು ಸಿಗುವಂತೆ ನೋಡಿಕೊಂಡು, ಒಣಹುಲ್ಲಿನ ಹೊದಿಕೆ ಹಾಕಿ, ಕಳೆಯನ್ನು ಕೈಯಿಂದಲೇ ಕೀಳಿ. ಗುದ್ದಲಿ ಹಾಕಿದರೆ ಮೇಲ್ಪದರದಲ್ಲಿರುವ ಬುಡದ ಮೊಗ್ಗುಗಳು ಏಟು ತಿನ್ನುತ್ತವೆ.

ಮೂರು ವರ್ಷದ ತಾಳ್ಮೆ

ನೆಟ್ಟ ವರ್ಷ ಒಂದು ದಂಟನ್ನೂ ಕೊಯ್ಯಬಾರದು. ಎರಡನೆಯ ವರ್ಷ, ಗಿಡ ಹುಲುಸಾಗಿದ್ದರೆ ಮಾತ್ರ, ಹೆಚ್ಚೆಂದರೆ ಎರಡು ವಾರ ಕೊಯ್ಯಬಹುದು. ಮೂರನೆಯ ವರ್ಷ ನಾಲ್ಕು ವಾರ. ನಾಲ್ಕನೆಯ ವರ್ಷದಿಂದ ಆರರಿಂದ ಎಂಟು ವಾರ.

ಓದುವಾಗ ಇದು ಸುಲಭದ ಲೆಕ್ಕ. ಎರಡನೆಯ ವಸಂತದಲ್ಲಿ ಹೆಬ್ಬೆರಳಿನ ಗಾತ್ರದ ದಂಟುಗಳು ಸಾಲಾಗಿ ಎದ್ದು ನಿಂತಾಗ ಕೈ ತಡೆಯುವುದು ಕಷ್ಟ. ಊರಿನಿಂದ ಬಂದಿದ್ದ ಅತ್ತೆಯವರಿಗೆ ಪಲ್ಯ ಹಿಡಿಸಿತೆಂದು ನಾನು ಆ ವರ್ಷ ಐದು ವಾರ ಕೊಯ್ದೆ. ಮರುವರ್ಷ ಬಂದ ದಂಟುಗಳು ಪೊರಕೆಕಡ್ಡಿಯಷ್ಟೇ ಇದ್ದವು. ಆ ವಸಂತದಲ್ಲಿ ಒಂದನ್ನೂ ಮುಟ್ಟದೆ ಎಲ್ಲವನ್ನೂ ಗರಿಯಾಗಲು ಬಿಟ್ಟು, ಅದರ ಮುಂದಿನ ವರ್ಷವೂ ಎರಡೇ ವಾರ ಕೊಯ್ದ ಮೇಲೆ ಮಡಿ ಮತ್ತೆ ಮೊದಲಿನಂತಾಯಿತು.

ಕೊಯ್ಲು ನಿಲ್ಲಿಸುವ ದಿನವನ್ನು ಕ್ಯಾಲೆಂಡರಿಗಿಂತ ಗಿಡವೇ ಸರಿಯಾಗಿ ತಿಳಿಸುತ್ತದೆ: ಹೊಸದಾಗಿ ಬರುವ ದಂಟುಗಳಲ್ಲಿ ಹೆಚ್ಚಿನವು ಪೆನ್ಸಿಲ್‌ಗಿಂತ ತೆಳ್ಳಗಾದರೆ ಕಣಜ ತಳ ಕಂಡಿದೆ ಎಂದೇ ಅರ್ಥ, ಅಂದೇ ನಿಲ್ಲಿಸಬೇಕು. ಹಾಗಿದ್ದೂ ದಿನ ಗೊತ್ತುಪಡಿಸಿಕೊಂಡವರಿದ್ದಾರೆ. ಜರ್ಮನಿಯಲ್ಲಿ ಸಂತ ಜಾನರ ದಿನವಾದ ಜೂನ್ 24ಕ್ಕೆ ಕೊಯ್ಲು ಮುಗಿಸುವುದು ರೂಢಿ. ಇಂಗ್ಲೆಂಡಿನ ಈವ್‌ಶಮ್ ಕಣಿವೆಯಲ್ಲಿ ಏಪ್ರಿಲ್ 23ರ ಸಂತ ಜಾರ್ಜರ ದಿನಕ್ಕೆ ಶುರುವಾಗುವ ಕೊಯ್ಲು ಜೂನ್ 21ರ ಸುಮಾರಿಗೆ ನಿಲ್ಲುತ್ತದೆ. ಮಾರುಕಟ್ಟೆಯಲ್ಲಿ ಇನ್ನೂ ಬೇಡಿಕೆಯಿರುವಾಗಲೇ ರೈತರು ಹೀಗೆ ಕೈ ಹಿಂದೆಗೆಯುವುದು ಮುಂದಿನ ವರ್ಷದ ಬೇರನ್ನು ನೆನೆದು.

ಕೊಯ್ಯುವುದು

ದಂಟು ಆರರಿಂದ ಎಂಟು ಅಂಗುಲ ಎತ್ತರವಾಗಿ, ತುದಿಯ ಪೊರೆಗಳು ಬಿಗಿಯಾಗಿ ಮುಚ್ಚಿಕೊಂಡಿರುವಾಗ ಕೊಯ್ಯಬೇಕು. ತುದಿ ಬಿಚ್ಚಿಕೊಳ್ಳತೊಡಗಿದರೆ ಬುಡ ಬಲಿತಿರುತ್ತದೆ. ತಂಪಿನ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಕೊಯ್ದರೆ ಸಾಕು, ಮೇ ಕೊನೆಯ ಬಿಸಿಲಿನಲ್ಲಿ ದಿನಕ್ಕೆ ಎರಡು ಸಲ ನೋಡಬೇಕು. ಬೆಳಿಗ್ಗೆ ಚಿಕ್ಕದೆಂದು ಬಿಟ್ಟದ್ದು ಸಂಜೆಗೆ ಕೈಮೀರಿರುತ್ತದೆ. ಚಾಕುವನ್ನು ಮಣ್ಣಿನೊಳಗೆ ತೂರಿಸಿ ಕತ್ತರಿಸಿದರೆ ಇನ್ನೂ ಮೇಲೆ ಬಾರದ ಪಕ್ಕದ ಚಿಗುರಿಗೆ ತಾಗುತ್ತದೆ. ನೆಲಮಟ್ಟಕ್ಕಿಂತ ಮೇಲೆ ಕೈಯಲ್ಲೇ ಬಗ್ಗಿಸಿ ಲಟಕ್ಕನೆ ಮುರಿಯುವುದು ಉತ್ತಮ, ಮಿಶಿಗನ್ನಿನ ದೊಡ್ಡ ಹೊಲಗಳಲ್ಲೂ ಹೀಗೆಯೇ ಕೈಯಿಂದ ಮುರಿಯುತ್ತಾರೆ.

ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಮುನ್ಸೂಚನೆಯಿದ್ದರೆ ಸಂಜೆಯೇ ಬೆರಳುದ್ದದವನ್ನೂ ಸೇರಿಸಿ ಎಲ್ಲವನ್ನೂ ಮುರಿದು ತನ್ನಿ. ಹೊರಗಿದ್ದರೆ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿ ಹಾಳಾಗುತ್ತವೆ. ನೆಲದೊಳಗಿನ ಬುಡಕ್ಕೆ ಅಪಾಯವಿಲ್ಲ, ಕೆಲವು ದಿನಗಳಲ್ಲಿ ಹೊಸ ದಂಟು ಬರುತ್ತದೆ.

ತೆಳ್ಳನೆಯ ದಂಟು ಎಳೆಯದು, ದಪ್ಪನೆಯದು ಬಲಿತದ್ದು ಎಂಬ ತಪ್ಪು ತಿಳಿವಳಿಕೆ ಅಂಗಡಿಯಲ್ಲಿ ಕೊಳ್ಳುವ ಬಹಳ ಜನರಲ್ಲಿದೆ. ದಂಟು ನೆಲದಿಂದ ಎಷ್ಟು ದಪ್ಪವಾಗಿ ಏಳುತ್ತದೆಯೋ ಅಷ್ಟೇ ದಪ್ಪವಾಗಿ ಉಳಿಯುತ್ತದೆ. ಆ ಗಾತ್ರವನ್ನು ನಿರ್ಧರಿಸುವುದು ಬುಡದ ವಯಸ್ಸು ಮತ್ತು ಕಸುವು. ಸಿಪ್ಪೆಯ ಪಾಲು ಕಡಿಮೆ, ತಿರುಳಿನ ಪಾಲು ಹೆಚ್ಚಾಗಿರುವುದರಿಂದ ದಪ್ಪ ದಂಟೇ ಎಷ್ಟೋ ಸಲ ಹೆಚ್ಚು ಮೃದು. ನೋಡಬೇಕಾದುದು ಗಾತ್ರವನ್ನಲ್ಲ, ತುದಿಯ ಬಿಗುವನ್ನು ಮತ್ತು ಕತ್ತರಿಸಿದ ಬುಡದ ಹಸಿತನವನ್ನು.

ಬೇಸಗೆಯಿಂದ ಹಿಮದವರೆಗೆ

ಕೊಯ್ಲು ನಿಂತ ವಾರವೇ ಕಾಂಪೋಸ್ಟ್ ಅಥವಾ ಸಾರಜನಕವಿರುವ ಗೊಬ್ಬರ ಕೊಡಬೇಕು. ಅನಂತರ ಗರಿಗಳನ್ನು ಕಾಪಾಡುವುದೇ ಕೆಲಸ. ಗರಿಗಳ ಮುಖ್ಯ ಶತ್ರು ಆಸ್ಪ್ಯಾರಗಸ್ ಜೀರುಂಡೆ: ಕಾಲಂಗುಲ ಉದ್ದದ, ನೀಲಿಗಪ್ಪು ಬೆನ್ನಿನ ಮೇಲೆ ಕೆನೆಬಣ್ಣದ ಚುಕ್ಕೆಗಳಿರುವ ಕೀಟ. ಎಳೆಯ ದಂಟಿನ ಮೇಲೆ ಕಪ್ಪು ಕಡ್ಡಿಗಳನ್ನು ಸಾಲಾಗಿ ಚುಚ್ಚಿ ನಿಲ್ಲಿಸಿದಂತೆ ಕಾಣುವುದು ಅದರ ಮೊಟ್ಟೆ. ಬೂದು ಬಣ್ಣದ ಮರಿಹುಳುಗಳು ಗರಿಯನ್ನು ಮೇಯ್ದು ಬರಿಯ ಕಡ್ಡಿ ಉಳಿಸುತ್ತವೆ. ಬೆಳಗಿನ ತಂಪಿನಲ್ಲಿ ಅವು ಚುರುಕಾಗಿರುವುದಿಲ್ಲ. ಸಾಬೂನು ನೀರಿನ ಡಬ್ಬಿಯನ್ನು ಕೆಳಗೆ ಹಿಡಿದು ಗರಿಯನ್ನು ತಟ್ಟಿದರೆ ಉದುರುತ್ತವೆ. ಕೊಯ್ಲಿನ ಕಾಲದಲ್ಲಿ ಎಲ್ಲ ದಂಟುಗಳನ್ನೂ ತಪ್ಪದೆ ಮುರಿದು ತಂದರೆ ಮೊಟ್ಟೆಗಳು ಮರಿಯಾಗುವ ಮೊದಲೇ ಮಡಿ ಬಿಟ್ಟು ಹೋಗುತ್ತವೆ. ಇಪ್ಪತ್ತು ಮೂವತ್ತು ಗಿಡಗಳ ಹಿತ್ತಿಲಿಗೆ ಇಷ್ಟು ಸಾಕು, ವಿಷ ಸಿಂಪಡಿಸುವ ಅಗತ್ಯ ನಮಗಂತೂ ಬಂದಿಲ್ಲ.

ಶರತ್ಕಾಲದಲ್ಲಿ ಗರಿಗಳು ಹೊನ್ನಿನ ಬಣ್ಣಕ್ಕೆ ತಿರುಗುತ್ತವೆ. ಚೆಂದಕ್ಕೆಂದೋ ಅಚ್ಚುಕಟ್ಟಿಗೆಂದೋ ಆಗಲೇ ಕತ್ತರಿಸಬೇಡಿ. ಪೂರ್ತಿ ಒಣಗಿ ಕಂದಾಗುವವರೆಗೂ ಅವು ಬೇರಿಗೆ ಆಹಾರ ಇಳಿಸುತ್ತಿರುತ್ತವೆ. ಒಣಗಿದ ಮೇಲೆ ಎರಡಂಗುಲ ಉಳಿಸಿ ಕತ್ತರಿಸಿ. ಜೀರುಂಡೆಯೋ ತುಕ್ಕೋ ಇದ್ದ ವರ್ಷ ಆ ಕಸವನ್ನು ಹಿತ್ತಿಲಿನಿಂದಲೇ ಹೊರಹಾಕಬೇಕು, ಏಕೆಂದರೆ ಎರಡೂ ಅದರಲ್ಲೇ ಚಳಿಗಾಲ ಕಳೆಯುತ್ತವೆ.

ಬೆಚ್ಚಗಿನ ಊರುಗಳಲ್ಲಿ

ಬೆಂಗಳೂರು, ಮೈಸೂರುಗಳಲ್ಲಿ ಇದನ್ನು ಬೆಳೆಯಬಹುದೇ ಎಂದು ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಗಿಡ ಬದುಕುತ್ತದೆ. ಕಷ್ಟವಿರುವುದು ವಿಶ್ರಾಂತಿಯದು. ತಂಪು ದೇಶದಲ್ಲಿ ಚಳಿ ಅದನ್ನು ಮಲಗಿಸುತ್ತದೆ. ಚಳಿಯಿಲ್ಲದ ಕಡೆ ವರ್ಷವಿಡೀ ಚಿಗುರುತ್ತಾ ಬೇರು ಬೇಗ ಸೊರಗುತ್ತದೆ, ಮಡಿಯ ಆಯುಷ್ಯವೂ ಕಡಿಮೆ. ತೈವಾನ್ ಮತ್ತು ಥಾಯ್ಲೆಂಡಿನ ರೈತರು ಇದಕ್ಕೆ ಕಂಡುಕೊಂಡ ಉಪಾಯ ತಾಯಿದಂಟಿನ ಪದ್ಧತಿ: ಪ್ರತಿ ಬುಡದಲ್ಲಿ ಮೂರರಿಂದ ಐದು ದಂಟುಗಳನ್ನು ಗರಿಯಾಗಿ ನಿಲ್ಲಿಸಿಕೊಂಡು, ಅವು ಬೇರನ್ನು ಸಾಕುತ್ತಿರುವಾಗಲೇ ಪಕ್ಕದಲ್ಲಿ ಏಳುವ ಹೊಸ ದಂಟುಗಳನ್ನು ಕೊಯ್ಯುವುದು. ತಾಯಿದಂಟು ಹಳತಾದಾಗ ಹೊಸದನ್ನು ಅದರ ಜಾಗಕ್ಕೆ ಬಿಡುತ್ತಾರೆ. ಕರ್ನಾಟಕದಲ್ಲಿ ಪ್ರಯತ್ನಿಸುವವರಿಗೆ ನನ್ನ ಸಲಹೆ ಇದೇ, ಜೊತೆಗೆ ಮುಂಗಾರಿನ ನೀರು ನಿಲ್ಲದಂಥ ಎತ್ತರದ ಏರುಮಡಿ.

ಅಡುಗೆಮನೆಯಲ್ಲಿ

ಕೊಯ್ದ ದಿನ ಬೇಯಿಸಲಾಗದಿದ್ದರೆ ಬುಡವನ್ನು ಸ್ವಲ್ಪ ಕತ್ತರಿಸಿ, ಒಂದಂಗುಲ ನೀರಿರುವ ಲೋಟದಲ್ಲಿ ಹೂವಿನಂತೆ ನಿಲ್ಲಿಸಿ, ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಚೀಲ ಹೊದಿಸಿ ಫ್ರಿಜ್ಜಿನಲ್ಲಿಡಿ. ಮೂರು ನಾಲ್ಕು ದಿನ ಕೆಡುವುದಿಲ್ಲ. ತೊಳೆಯುವಾಗ ತುದಿಯನ್ನು ನೀರಿನಲ್ಲಿ ಮುಳುಗಿಸಿ ಅಲುಗಾಡಿಸಬೇಕು, ಪೊರೆಗಳೊಳಗೆ ಮರಳು ಕೂತಿರುತ್ತದೆ. ಬಗ್ಗಿಸಿದಾಗ ಮುರಿದ ಕಡೆಯಿಂದ ಕೆಳಗಿನದನ್ನೆಲ್ಲ ಎಸೆಯುವ ಅಭ್ಯಾಸದಿಂದ ಒಳ್ಳೆಯ ಭಾಗವೂ ಕಸಕ್ಕೆ ಹೋಗುತ್ತದೆ. ತೀರಾ ಬಿಳಿಚಿದ ಬುಡವನ್ನು ಕತ್ತರಿಸಿ, ಕೆಳಗಿನ ಮೂರನೆಯ ಒಂದು ಭಾಗದ ಸಿಪ್ಪೆ ಹೆರೆದರೆ ಸಾಕು.

ಬೇಯಿಸುವ ಹೊತ್ತು ತೀರಾ ಕಡಿಮೆ ಇರಬೇಕು. ರೋಮಿನ ಚಕ್ರವರ್ತಿ ಅಗಸ್ಟಸ್ ಅವಸರದ ಕೆಲಸವನ್ನು ಆಸ್ಪ್ಯಾರಗಸ್ ಬೇಯುವುದಕ್ಕಿಂತ ಬೇಗ ಆಗಬೇಕು ಎಂದು ಹೇಳುತ್ತಿದ್ದನೆಂಬ ಮಾತು ಉಳಿದುಬಂದಿದೆ. ಎರಡು ಸಾವಿರ ವರ್ಷದ ಹಿಂದಿನ ಅಡಿಗೆಯವರಿಗೂ ಇದು ಗೊತ್ತಿತ್ತು. ಮೊದಲ ಕೊಯ್ಲಿನ ದಂಟಿಗೆ ಕಾವಲಿಯೇ ಸಾಕು. ಕಾವಲಿ ಚೆನ್ನಾಗಿ ಕಾದ ಮೇಲೆ ಒಂದು ಚಮಚ ತುಪ್ಪ ಸವರಿ, ಇಡಿ ದಂಟುಗಳನ್ನು ಒಂದೇ ಪದರವಾಗಿ ಹರಡಿ, ಹೊರಳಿಸುತ್ತಾ ನಾಲ್ಕರಿಂದ ಆರು ನಿಮಿಷ ಬೇಯಿಸಿ, ಉಪ್ಪು, ಕುಟ್ಟಿದ ಮೆಣಸು, ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ. ಓವನ್ನಿನಲ್ಲಾದರೆ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟರಿಂದ ಹತ್ತು ನಿಮಿಷ.

ಪಲ್ಯಕ್ಕೆ ಅರ್ಧ ಕಿಲೋ ದಂಟನ್ನು ಒಂದಂಗುಲದ ಓರೆ ಹೋಳುಗಳಾಗಿ ಹೆಚ್ಚಿ, ತುದಿಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಎರಡು ಬ್ಯಾಡಗಿ ಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ, ಬುಡದ ಹೋಳುಗಳನ್ನು ಹಾಕಿ ದೊಡ್ಡ ಉರಿಯಲ್ಲಿ ಮೂರು ನಿಮಿಷ ಬಾಡಿಸಿ. ಅನಂತರ ತುದಿಗಳನ್ನು ಸೇರಿಸಿ ಮತ್ತೆರಡು ನಿಮಿಷ. ನೀರು ಹಾಕಬಾರದು, ಮುಚ್ಚಳ ಮುಚ್ಚಬಾರದು. ಮುಚ್ಚಿದರೆ ಹಸಿರು ಮಾಸಿ ದಂಟು ಲೋಳೆಯಾಗುತ್ತದೆ. ಉಪ್ಪು, ಕಾಲು ಬಟ್ಟಲು ಕಾಯಿತುರಿ ಬೆರೆಸಿ ಇಳಿಸಿ. ಹುಳಿ ತಾಗಿದರೂ ಬಣ್ಣ ಕೆಡುವುದರಿಂದ ನಿಂಬೆರಸವನ್ನು ಎಲೆಗೆ ಬಡಿಸುವ ಹೊತ್ತಿಗೆ ಹಿಂಡಬೇಕು.

ಎಳೆಯ ದಂಟನ್ನು ಹಸಿಯಾಗಿಯೇ ಕಾಗದದಷ್ಟು ತೆಳ್ಳಗೆ ಸೀಳಿ, ನೆನೆಸಿದ ಹೆಸರುಬೇಳೆ, ಕಾಯಿತುರಿ, ಹಸಿಮೆಣಸಿನಕಾಯಿ ಸೇರಿಸಿ ಮಾಡಿದ ಕೋಸಂಬರಿಗೆ ಹಸಿ ಬಟಾಣಿಯ ಸಿಹಿ ಇರುತ್ತದೆ. ಹುಳಿಗೂ ಹಾಕುವವರಿದ್ದಾರೆ, ನುಗ್ಗೆಕಾಯಿಯಂತೆ. ನನ್ನ ಅಭಿಪ್ರಾಯದಲ್ಲಿ ಸಾರಿನ ಪುಡಿಯ ಖಾರದಲ್ಲಿ ಇದರ ಸೂಕ್ಷ್ಮವಾದ ರುಚಿ ಮುಳುಗಿಹೋಗುತ್ತದೆ; ಮಜ್ಜಿಗೆಹುಳಿ ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ, ಆದರೆ ಹೋಳನ್ನು ಕೊನೆಯ ನಾಲ್ಕು ನಿಮಿಷಕ್ಕೆ ಮಾತ್ರ ಹಾಕಬೇಕು.

ಜರ್ಮನಿಯಲ್ಲಿರುವವರಿಗೆ ವಸಂತದಲ್ಲಿ ಬಿಳಿ ಆಸ್ಪ್ಯಾರಗಸ್ ಹೇರಳವಾಗಿ ಸಿಗುತ್ತದೆ. ಅದು ಬೇರೆ ಗಿಡವಲ್ಲ. ಸಾಲಿನ ಮೇಲೆ ಎತ್ತರವಾಗಿ ಮಣ್ಣು ಏರಿಸಿ, ದಂಟಿಗೆ ಬೆಳಕು ತಾಗುವ ಮೊದಲೇ ಮಣ್ಣಿನೊಳಗಿನಿಂದ ಕೊಯ್ದುದು. ಅದರ ಸಿಪ್ಪೆ ಗಡುಸು, ತುದಿಯ ಕೆಳಗಿನಿಂದ ಬುಡದವರೆಗೆ ಪೂರ್ತಿ ಹೆರೆಯಬೇಕು. ಉಪ್ಪು, ಚಿಟಿಕೆ ಸಕ್ಕರೆ, ಸ್ವಲ್ಪ ಬೆಣ್ಣೆ ಹಾಕಿದ ನೀರಿನಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ, ಬೇಯಿಸಿದ ಆಲೂಗೆಡ್ಡೆ ಮತ್ತು ಕರಗಿಸಿದ ಬೆಣ್ಣೆಯೊಡನೆ ಅಲ್ಲಿನವರು ತಿನ್ನುವಂತೆಯೇ ತಿನ್ನುವುದು ಸೊಗಸು. ಒಗ್ಗರಣೆ ಅದಕ್ಕೆ ಬೇಡ.

ತಿಂದ ಕೆಲವು ಗಂಟೆಗಳಲ್ಲಿ ಮೂತ್ರಕ್ಕೆ ಗಂಧಕದಂಥ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ. ಈ ತರಕಾರಿಯಲ್ಲಿರುವ ಗಂಧಕಯುಕ್ತ ಆಮ್ಲವೊಂದು ದೇಹದೊಳಗೆ ಒಡೆಯುವುದರಿಂದ ಹಾಗಾಗುತ್ತದೆ; ಅದರ ವಾಸನೆಯೇ ತಿಳಿಯದವರೂ ಇದ್ದಾರೆ, ಅದು ವಂಶವಾಹಿಯಿಂದ ಬಂದ ಗುಣ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಎಚ್ಚರ ವಹಿಸಬೇಕು: ಇದರಲ್ಲಿ ಕೆ ಜೀವಸತ್ವ ಹೆಚ್ಚಾಗಿರುವುದರಿಂದ ಕೊಯ್ಲಿನ ಕಾಲದಲ್ಲಿ ದಿಢೀರನೆ ದಿನವೂ ತಿನ್ನತೊಡಗುವ ಮೊದಲು ವೈದ್ಯರಿಗೆ ತಿಳಿಸಬೇಕು.

ಹೆಚ್ಚಾದುದನ್ನು ಕುದಿಯುವ ನೀರಿನಲ್ಲಿ ಎರಡರಿಂದ ನಾಲ್ಕು ನಿಮಿಷ, ದಪ್ಪಕ್ಕೆ ತಕ್ಕಂತೆ, ಅದ್ದಿ ತೆಗೆದು, ತಕ್ಷಣ ಐಸ್ ನೀರಿಗೆ ಹಾಕಿ, ನೀರೊರೆಸಿ ಫ್ರೀಜರಿನಲ್ಲಿಟ್ಟರೆ ಚಳಿಗಾಲದ ಮಜ್ಜಿಗೆಹುಳಿಗೆ ಆಗುತ್ತದೆ. ಪಲ್ಯಕ್ಕೆ ಅದು ಬಾರದು.

ಹೆರೆದ ಸಿಪ್ಪೆ, ಕತ್ತರಿಸಿದ ಬುಡಗಳನ್ನು ಎಸೆಯಬೇಡಿ. ಊರಿನಲ್ಲಿ ಶತಾವರಿಯಿಂದ ತಂಬುಳಿ ಮಾಡುವುದನ್ನು ನೋಡಿದ್ದ ನೆನಪಿನಿಂದ ನಾನು ಇವುಗಳಿಂದಲೂ ತಂಬುಳಿ ಮಾಡತೊಡಗಿದೆ. ಅರ್ಧ ಕಿಲೋ ದಂಟಿನಿಂದ ಉಳಿದ ಬುಡ, ಸಿಪ್ಪೆಗಳನ್ನು ಎರಡು ಬಟ್ಟಲು ನೀರಿನಲ್ಲಿ ಇಪ್ಪತ್ತು ನಿಮಿಷ ಮೆತ್ತಗಾಗುವಂತೆ ಬೇಯಿಸಿ, ಆರಿದ ಮೇಲೆ ಎರಡು ಚಮಚ ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನೊಡನೆ ರುಬ್ಬಿ, ನಾರು ಉಳಿಯದಂತೆ ಜಾಲರಿಯಲ್ಲಿ ಒತ್ತಿ ಸೋಸಿ. ಅದಕ್ಕೆ ಒಂದು ಬಟ್ಟಲು ಹದವಾಗಿ ಹುಳಿಯಾದ ಮಜ್ಜಿಗೆ, ಉಪ್ಪು ಬೆರೆಸಿ, ತುಪ್ಪದಲ್ಲಿ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಡಿ. ಮತ್ತೆ ಒಲೆಯ ಮೇಲೆ ಇಡದೆ, ತಣ್ಣಗಿರುವಂತೆಯೇ ಬಿಸಿ ಅನ್ನಕ್ಕೆ ಕಲಸಿಕೊಂಡು ಊಟಕ್ಕೆ ಮೊದಲು ತಿನ್ನಬೇಕು.